ತಿಯೆನ್‌ಶಾನದ ಅಶ್ವಪಾಲಕರು

ಅಮರಕೋಶವನ್ನು ಎಳೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದವರಿಗೆ, ಅದರ ಕ್ಷತ್ರಿಯವರ್ಗದಲ್ಲಿ ಅಶ್ವಗಳ ಪ್ರಸ್ತಾಪ ಬಂದೊಡನೆಯೆ ವನಾಯು, ಪಾರಸೀಕ, ಕಾಂಬೋಜ, ಬಾಹ್ಲೀಕ ಎಂಬ ದೂರದೇಶಗಳ ಹೆಸರುಗಳು ಸಾಲಾಗಿ ಬಂದು ನಿಲ್ಲುವುದು ನೆನಪಿರಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಕುದುರೆಗಳನ್ನು ವರ್ಣಿಸುವಾಗಲೂ ಅವು ಹುಟ್ಟಿದ ದೇಶಗಳ ಲೆಕ್ಕವನ್ನು ಬಿಡುವುದಿಲ್ಲ. ವಿಜಯನಗರದ ಅರಸರು ಭಟ್ಕಳ, ಹೊನ್ನಾವರ, ಗೋವೆಗಳ ಬಂದರುಗಳಲ್ಲಿ ಇಳಿಯುತ್ತಿದ್ದ ಪರದೇಶದ ಕುದುರೆಗಳಿಗಾಗಿ ಸುರಿದ ಹೊನ್ನಿನ ವೃತ್ತಾಂತವಂತೂ ನಮ್ಮಲ್ಲಿ ಸರ್ವವಿದಿತವಾದುದು. ಹೀಗೆ ಕುದುರೆಯನ್ನು ಕೊಂಡವರ ಚರಿತ್ರೆ, ಏರಿದವರ ಚರಿತ್ರೆ, ಅದರ ಸುಳಿ ಬಣ್ಣ ನಡೆಗಳನ್ನು ಪರೀಕ್ಷಿಸಿದವರ ಚರಿತ್ರೆ ನಮ್ಮ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಯಥೇಷ್ಟವಾಗಿ ದೊರೆಯುತ್ತದೆ. ಅದನ್ನು ಸಾಕಿದವರ ಚರಿತ್ರೆ ಮಾತ್ರ, ಅವರು ಬರೆಯುವ ಜನರಾಗಿರಲಿಲ್ಲವಾದಕಾರಣ, ಬಹುಮಟ್ಟಿಗೆ ಅನ್ಯರ ಬಾಯಲ್ಲಿಯೇ ಉಳಿದಿದೆ.

ಈ ಸಾಕುವವರಲ್ಲಿ, ಲಾಯ ಕಟ್ಟದೆ, ಹುರುಳಿ ಬೇಯಿಸದೆ, ಕುದುರೆಯನ್ನು ವರ್ಷದ ಹನ್ನೆರಡು ತಿಂಗಳೂ ಬೆಟ್ಟದ ಹುಲ್ಲಿನ ಮೇಲೆ ಬಿಟ್ಟು ಬೆಳೆಸಿದ ಜನರು ಕೆಲವರುಂಟು. ಅವರ ಪದ್ಧತಿಯನ್ನು ದೂರದಿಂದ ಕಂಡ ನಗರವಾಸಿಗಳು, ಚೀನೀಯರಾಗಲಿ ರಷ್ಯನ್ನರಾಗಲಿ, ಅದನ್ನು ಪದ್ಧತಿಯೆಂದೇ ಎಣಿಸದೆ, ಸೋಮಾರಿಯಾದ ಮನುಷ್ಯನು ಮೂಕಪ್ರಾಣಿಯನ್ನು ಪ್ರಕೃತಿಯ ಕೈಗೆ ಒಪ್ಪಿಸಿ ಸುಮ್ಮನಿರುವ ಸ್ಥಿತಿಯೆಂದು ಭಾವಿಸಿದರು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಂದು ಕಸುಬಿಗೆ ಮಾಡುವುದು ಕಷ್ಟ. ಬಿಟ್ಟು ಸಾಕುವುದೆಂದರೆ ಕೈಬಿಡುವುದಲ್ಲ; ಎಲ್ಲಿ, ಯಾವಾಗ, ಯಾರೊಡನೆ, ಎಷ್ಟು ಕಾಲ ಬಿಡತಕ್ಕದ್ದು ಎಂಬ ವಿವೇಕವು ತಲೆಮಾರುಗಳಿಂದ ಸಂಚಿತವಾಗಿ ಬಾರದಿದ್ದರೆ, ಅಂತಹ ಬೆಟ್ಟಗಳಲ್ಲಿ ಒಂದು ಮಂದೆಯು ಒಂದು ಚಳಿಗಾಲವನ್ನೂ ದಾಟಲಾರದು. ಮಧ್ಯ ಏಷ್ಯದ ತಿಯೆನ್‌ಶಾನ್ ಪರ್ವತಗಳಲ್ಲಿ ವಾಸಿಸುವ ಕಿರ್ಗಿಜರ ಅಶ್ವಪಾಲನೆಯನ್ನು ಪರಿಶೀಲಿಸುವವರಿಗೆ ಈ ಮಾತಿನ ಸತ್ಯತೆ ಹೆಜ್ಜೆಹೆಜ್ಜೆಗೂ ಕಂಡುಬರುತ್ತದೆ.

ಕಿರ್ಗಿಜರ ನಾಡು ಬೆಟ್ಟಗಳ ನಾಡು. ಅದರ ಸರಾಸರಿ ಎತ್ತರವೇ ಸಮುದ್ರಮಟ್ಟದಿಂದ ಸುಮಾರು 2,750 ಮೀಟರು. ಉಳುವ ನೆಲ ಅತ್ಯಲ್ಪ. ಹುಲ್ಲುಗಾವಲು ಸುಮಾರು 90 ಲಕ್ಷ ಹೆಕ್ಟೇರು. ಈ ಹುಲ್ಲು ಒಂದೇ ಕಾಲಕ್ಕೆ ಒಂದೇ ಕಡೆ ದೊರೆಯತಕ್ಕದ್ದಲ್ಲ. ಕಣಿವೆಯ ತಳದಲ್ಲಿ ಹುಲ್ಲು ಒಣಗುವ ಹೊತ್ತಿಗೆ ನಡುಬೆಟ್ಟದಲ್ಲಿ ಅದು ಹೂಬಿಡುತ್ತಿರುತ್ತದೆ. ನಡುಬೆಟ್ಟ ಬಾಡುವಾಗ ಮೇಲಿನ ಬಯಲುಗಳಲ್ಲಿ ಹಿಮ ಕರಗಿ ಹೊಸ ಗರಿಕೆ ತಲೆಯೆತ್ತುತ್ತದೆ. ಆದುದರಿಂದ ಕಿರ್ಗಿಜರು ತಮ್ಮ ಬೆಟ್ಟವನ್ನು ಋತುಗಳ ಪ್ರಕಾರ ನಾಲ್ಕಾಗಿ ವಿಭಾಗಿಸಿಕೊಂಡರು: ಚಳಿಗಾಲದ ಬೀಡು ಕಿಶ್ತೋ, ವಸಂತದ್ದು ಜಜ್ದೋ, ಬೇಸಗೆಯದು ಜಾಯ್ಲೋ, ಶರತ್ಕಾಲದ್ದು ಕುಜ್ದೋ. ನಮ್ಮ ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಕೊಟ್ಟಿಗೆಯ ಹಂಗಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ಕ್ರಮವನ್ನು ಬಲ್ಲವರಿಗೆ ಈ ವ್ಯವಸ್ಥೆಯ ಮರ್ಮ ಒಡನೆಯೆ ಹೊಳೆಯುತ್ತದೆ. ಭೇದವಿಷ್ಟೆ: ನಮ್ಮಲ್ಲಿ ಆ ಸಂಚಾರವು ಮೈದಾನದ ಉದ್ದಗಲಗಳಲ್ಲಿ ನಡೆಯಿತು, ಅಲ್ಲಿ ಅದು ಎತ್ತರದಲ್ಲಿ ನಡೆಯಿತು. ಸೋಂಗ್‌ಕೋಲ್ ಸರೋವರದ ತೀರವು 3,016 ಮೀಟರುಗಳ ಎತ್ತರದಲ್ಲಿದ್ದು ಜೂನಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಮನುಷ್ಯರಿಗೂ ಮಂದೆಗಳಿಗೂ ಆಶ್ರಯ ಕೊಡುತ್ತದೆ. ಅನಂತರ ಅದು ಹಿಮದ ಸ್ವತ್ತು.

ಮನುಷ್ಯನು ಕುದುರೆಯನ್ನು ಮೊದಲು ಪಳಗಿಸಿದ್ದೆಲ್ಲಿ ಎಂಬ ಪ್ರಶ್ನೆ ವಿದ್ವಾಂಸರನ್ನು ಬಹುಕಾಲ ಕಾಡಿದೆ. ಇಂದಿನ ಕಜಕ್‌ಸ್ತಾನದ ಉತ್ತರಭಾಗದಲ್ಲಿರುವ ಬೋತಾಯಿ ಎಂಬಲ್ಲಿ, ಕ್ರಿಸ್ತಪೂರ್ವ 3500ರ ಸುಮಾರಿನ ಮಡಕೆಯ ಚೂರುಗಳಲ್ಲಿ ಕುದುರೆಯ ಹಾಲಿನ ಜಿಡ್ಡು ಅಂಟಿಕೊಂಡಿರುವುದನ್ನು 2009ರಲ್ಲಿ ಪ್ರಕಟಪಡಿಸಿದಾಗ, ಈ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ಅನೇಕರು ಭಾವಿಸಿದರು. ಆದರೆ ಅನಂತರದ ವಂಶವಾಹಿಗಳ ಪರೀಕ್ಷೆಯಿಂದ, ಇಂದು ಲೋಕದಲ್ಲಿರುವ ಸಾಕುಗುದುರೆಗಳು ಬೋತಾಯಿಯ ಸಂತತಿಯವಲ್ಲವೆಂದೂ, ಅವುಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಕೆಳಪ್ರದೇಶದಲ್ಲಿದೆಯೆಂದೂ ಗೊತ್ತಾಯಿತು. ಹೇಗಾದರೂ ಇರಲಿ, ತಿಯೆನ್‌ಶಾನದ ಬೆಟ್ಟಗಳಿಗೆ ಕುದುರೆ ಬಂದು ಸಾವಿರಾರು ವರ್ಷಗಳಾದುವು; ಓಶ್ ನಗರದ ಸಮೀಪ ಅರವಾನಿನ ಬಂಡೆಯ ಮೇಲೆ ಯಾರೋ ಕೊರೆದಿಟ್ಟ ಉದ್ದಕಾಲಿನ, ಬಾಗಿದ ಕೊರಳಿನ ಜೋಡಿಕುದುರೆಗಳು ಆ ಪ್ರಾಚೀನತೆಗೆ ಸಾಕ್ಷಿಯಾಗಿವೆ.

ಲಿಖಿತ ಚರಿತ್ರೆಯಲ್ಲಿ ಈ ಕುದುರೆಗಳು ಪ್ರವೇಶಿಸುವುದು ಯುದ್ಧದ ಮೂಲಕ. ಚೀನದ ಹಾನ್ ಚಕ್ರವರ್ತಿ ವೂ ಎಂಬಾತನು, ಉತ್ತರದ ಷಿಯೊಂಗ್‌ನೂ ಅಶ್ವಾರೋಹಿಗಳನ್ನು ಎದುರಿಸಲು ಮಿತ್ರರನ್ನು ಹುಡುಕುವುದಕ್ಕಾಗಿ, ಕ್ರಿ. ಪೂ. 138ರಲ್ಲಿ ಜಾಂಗ್ ಚಿಯೆನ್ ಎಂಬ ರಾಯಭಾರಿಯನ್ನು ಪಶ್ಚಿಮಕ್ಕೆ ಕಳುಹಿಸಿದನು. ಆತನು ಹನ್ನೆರಡು ವರ್ಷಗಳಾದ ಮೇಲೆ ಮರಳಿ ತಂದ ಸುದ್ದಿಗಳಲ್ಲಿ, ತಿಯೆನ್‌ಶಾನದ ಅಂಚಿನ ಫರ್ಗಾನದ ಕಣಿವೆಯಲ್ಲಿ ರಕ್ತದಂತಹ ಬೆವರು ಸುರಿಸುವ, ದಿವ್ಯತುರಗಗಳ ಸಂತಾನವಾದ ಕುದುರೆಗಳಿವೆಯೆಂಬ ಸುದ್ದಿಯೂ ಇದ್ದಿತು. ಹಾನ್ ಚರಿತ್ರೆಗೆ ಬರೆದ ಒಂದು ಹಳೆಯ ವ್ಯಾಖ್ಯಾನದಲ್ಲಿ ಇನ್ನೂ ಸ್ವಾರಸ್ಯವಾದ ಮಾತೊಂದುಂಟು: ಆ ದೇಶದ ಎತ್ತರದ ಬೆಟ್ಟಗಳ ಮೇಲೆ ಯಾರ ಕೈಗೂ ಸಿಕ್ಕದ ಕುದುರೆಗಳಿರುವುವೆಂದೂ, ಜನರು ತಮ್ಮ ಹೆಣ್ಣುಕುದುರೆಗಳನ್ನು ತಂದು ಬೆಟ್ಟದ ಬುಡದಲ್ಲಿ ಬಿಡುವರೆಂದೂ, ಆ ಸಮಾಗಮದಿಂದ ಹುಟ್ಟಿದ ಮರಿಗಳೇ ರಕ್ತಸ್ವೇದದ ದಿವ್ಯಾಶ್ವಗಳೆಂದೂ ಅದು ಹೇಳುತ್ತದೆ. ಪುರಾಣದ ಪೊರೆಯನ್ನು ಕಳಚಿ ನೋಡಿದರೆ, ಬೆಟ್ಟದ ಮೇಲೆ ಸ್ವಚ್ಛಂದವಾಗಿ ಬೆಳೆದ ಗಂಡಿನ ಕಸುವನ್ನು ಕಣಿವೆಯ ತಳಿಗೆ ಬೆರೆಸುವ ಒಂದು ನೈಜವಾದ ಸಂಪ್ರದಾಯವು ಇದರಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಚಕ್ರವರ್ತಿ ಕೇಳಿದ ಕುದುರೆಗಳನ್ನು ಫರ್ಗಾನದವರು ಕೊಡಲಿಲ್ಲ. ಕ್ರಿ. ಪೂ. 104ರಲ್ಲಿ ಲೀ ಗುಆಂಗ್‌ಲೀ ಎಂಬ ಸೇನಾನಿ ನಡೆಸಿದ ಮೊದಲನೆಯ ದಂಡಯಾತ್ರೆ ಹಸಿವಿನಿಂದಲೇ ಸೋತಿತು. ಎರಡನೆಯ ಸಲ ಅರುವತ್ತು ಸಾವಿರ ಯೋಧರೂ ಮೂವತ್ತು ಸಾವಿರ ಕುದುರೆಗಳೂ ಲಕ್ಷ ಎತ್ತುಗಳೂ ಹೊರಟುವು. ಕೊನೆಗೆ ದೊರೆತದ್ದು ಉತ್ತಮವಾದ ಕೆಲವು ಹತ್ತು ಕುದುರೆಗಳು ಮತ್ತು ಸಾಧಾರಣವಾದ ಮೂರು ಸಾವಿರ. ಚೀನದ ಗಡಿಯ ಬಾಗಿಲನ್ನು ಮರಳಿ ದಾಟಿದ ಸೈನಿಕರು ಹತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಕುದುರೆಗಳೊಡನೆ ಅವು ತಿನ್ನುವ ಕುದುರೆಮಸಾಲೆ ಸೊಪ್ಪಿನ ಬೀಜವನ್ನೂ ಪಶ್ಚಿಮದಿಂದ ತರಿಸಿ ಅರಮನೆಯ ಸುತ್ತ ಬಿತ್ತಿದರು. ಆದರೆ ಬೀಜ ಬಂದಂತೆ ಬೆಟ್ಟ ಬರಲಿಲ್ಲ. ಮುಂದಿನ ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಚೀನದ ಅನೇಕ ರಾಜವಂಶಗಳು ರೇಷ್ಮೆಯನ್ನೂ ಚಹವನ್ನೂ ಕೊಟ್ಟು ಹುಲ್ಲುಗಾಡಿನವರಿಂದ ಕುದುರೆಯನ್ನು ಕೊಳ್ಳುತ್ತಲೇ ಇರಬೇಕಾಯಿತು. ವಿಜಯನಗರದ ದೊರೆಗೂ ಚೀನದ ಚಕ್ರವರ್ತಿಗೂ ಸಂಕಟವೊಂದೇ: ಧನದಿಂದ ಕುದುರೆ ಬರುತ್ತದೆ, ಕುದುರೆಯನ್ನು ಹುಟ್ಟಿಸಿ ಕೊಡುವ ಬಯಲು ಬರುವುದಿಲ್ಲ.

ಇನ್ನು ಆ ಬಯಲಿನಲ್ಲಿ ನಡೆಯುವ ಕೆಲಸವನ್ನು ನೋಡೋಣ. ಕಿರ್ಗಿಜರ ಅಶ್ವಸಮೂಹದ ಮೂಲಘಟಕಕ್ಕೆ ಉಯೂರ್ ಎಂದು ಹೆಸರು: ಒಂದು ಬೀಜದ ಗಂಡು, ಹತ್ತರಿಂದ ಇಪ್ಪತ್ತು ಹೆಣ್ಣುಗಳು, ಅವುಗಳ ಮರಿಗಳು. ಈ ಸಂಸಾರದ ಆಡಳಿತವನ್ನು ಮನುಷ್ಯನು ತಾನಾಗಿ ವಹಿಸಿಕೊಳ್ಳುವುದಿಲ್ಲ. ರಾತ್ರಿಯ ಕಾಲದಲ್ಲಿ ಮಂದೆಯನ್ನು ಸುತ್ತಿ ಬರುವುದು, ಹಿಂದುಳಿದ ಹೆಣ್ಣನ್ನು ತಲೆ ತಗ್ಗಿಸಿ ಕಿವಿ ಮಲಗಿಸಿ ಅಟ್ಟಿಕೊಂಡು ಬಂದು ಸೇರಿಸುವುದು, ತೋಳ ಬಂದರೆ ಮುಂಗಾಲೆತ್ತಿ ಎದುರಿಸುವುದು, ಇವೆಲ್ಲ ಗಂಡುಕುದುರೆಯ ಕರ್ತವ್ಯಗಳು. ಇದಕ್ಕಿಂತ ವಿಸ್ಮಯಕರವಾದುದೇನೆಂದರೆ, ಅದರ ಸಂತಾನವಾದ ಹೆಣ್ಣುಮರಿಗಳು ಪ್ರಾಯಕ್ಕೆ ಬಂದಾಗ ತಂದೆಯ ಮಂದೆಯನ್ನು ಬಿಟ್ಟು ಬೇರೆ ಮಂದೆಗೆ ಸೇರಿಕೊಳ್ಳುತ್ತವೆ. ಅನೇಕ ವೇಳೆ ತಂದೆಯೇ ಅವುಗಳನ್ನು ಹೊರಗೆ ಅಟ್ಟುತ್ತದೆ. ಸಗೋತ್ರವಿವಾಹದ ದೋಷದಿಂದ ತಳಿಯನ್ನು ಕಾಪಾಡುವ ಈ ನಿಯಮವನ್ನು ಕಾವಲಿನವನು ಸೃಷ್ಟಿಸಲಿಲ್ಲ. ಅದನ್ನು ಅರಿತು, ಅದಕ್ಕೆ ಅಡ್ಡಿಬಾರದಂತೆ ಮಂದೆಗಳನ್ನು ನೆರೆಹೊರೆಯಲ್ಲಿ ಇರಿಸಿದನು. ಲಾಯದಲ್ಲಿ ಪ್ರತಿಯೊಂದು ಪ್ರಾಣಿಯ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಸಾಧಿಸುವುದನ್ನು ಆತನು ದೂರದ ಅಳತೆಯಿಂದ ಸಾಧಿಸಿದನು.

ಹಾಗೆಂದು ಆತನಿಗೆ ಕೆಲಸವಿಲ್ಲವೆಂದಲ್ಲ. ಕಿರ್ಗಿಜರು ಜಿಲ್ಕಿಚಿ ಎಂದು ಕರೆಯುವ ಈ ಕುದುರೆಗಾಹಿಯು ನೂರಾರು ಕುದುರೆಗಳನ್ನು ಬಣ್ಣದಿಂದ, ನಡೆಯಿಂದ, ಕೆನೆತದಿಂದ ಬೇರೆಬೇರೆಯಾಗಿ ಗುರುತಿಸಬಲ್ಲವನು. ಯಾವ ಗಂಡನ್ನು ಬೀಜಕ್ಕೆ ಉಳಿಸಬೇಕು, ಯಾವುದರ ಬೀಜ ಒಡೆಸಿ ಸವಾರಿಗೆ ತೆಗೆದುಕೊಳ್ಳಬೇಕು ಎಂಬ ನಿರ್ಧಾರ ಅವನದು. ಮಂದೆಯೊಳಗಿಂದ ಒಂದನ್ನು ಹಿಡಿಯಬೇಕಾದಾಗ, ತುದಿಗೆ ಹಗ್ಗದ ಕುಣಿಕೆ ಕಟ್ಟಿದ ಉಕುರುಕ್ ಎಂಬ ಉದ್ದನೆಯ ಗಳುವನ್ನು ಹಿಡಿದು, ಓಡುತ್ತಿರುವ ತನ್ನ ಕುದುರೆಯ ಬೆನ್ನಿನಿಂದಲೇ ಓಡುತ್ತಿರುವ ಇನ್ನೊಂದರ ಕೊರಳಿಗೆ ಅದನ್ನು ಹಾಕಬೇಕು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಕಿಪ್ಚಾಕ್ ಬಯಲಿನಲ್ಲಿ ಇದನ್ನೇ ಕಂಡು ಬರೆದಿದ್ದಾನೆ. ಅಲ್ಲಿಂದ ಹಿಂದೂಸ್ಥಾನಕ್ಕೆ ಒಂದೊಂದು ತಂಡದಲ್ಲಿ ಆರು ಸಾವಿರದಷ್ಟು ಕುದುರೆಗಳು ಹೊರಡುತ್ತಿದ್ದುವೆಂದೂ, ಐವತ್ತಕ್ಕೆ ಒಬ್ಬನಂತೆ ಕಾಯುವವನಿರುತ್ತಿದ್ದನೆಂದೂ, ಅವನ ಕೈಯಲ್ಲಿ ಹಗ್ಗ ಕಟ್ಟಿದ ಉದ್ದನೆಯ ಕೋಲಿರುತ್ತಿದ್ದಿತೆಂದೂ ಆತನು ಹೇಳುತ್ತಾನೆ. ದಿಲ್ಲಿಯ ಸುಲ್ತಾನರ ಸೈನ್ಯವನ್ನು ಹೊತ್ತ ಬೆನ್ನುಗಳಲ್ಲಿ ಇಂತಹ ಬಯಲಿನಲ್ಲಿ ಹುಟ್ಟಿದವು ಎಷ್ಟೋ ಇದ್ದುವು.

ಬೇಸಗೆಯ ಜಾಯ್ಲೋದಲ್ಲಿ ಪ್ರಾಧಾನ್ಯವೆಲ್ಲ ಹೆಣ್ಣುಕುದುರೆಯದು, ಅದನ್ನು ಕರೆಯುವ ಹೆಂಗಸರದು. ಹನ್ನೊಂದು ತಿಂಗಳು ಗರ್ಭ ಧರಿಸಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಈದ ಕುದುರೆಗಳನ್ನು ಮೇಲಿನ ಬಯಲಿಗೆ ತಂದೊಡನೆ, ಎರಡು ಗೂಟಗಳ ನಡುವೆ ನೆಲಕ್ಕೆ ಸಮೀಪವಾಗಿ ಬಿಗಿದ ಜೆಲೆ ಎಂಬ ಉದ್ದನೆಯ ಹಗ್ಗಕ್ಕೆ ಮರಿಗಳನ್ನು ಕಟ್ಟುತ್ತಾರೆ. ತಾಯಿಗಳನ್ನು ಯಾರೂ ಕಟ್ಟುವುದಿಲ್ಲ. ಮರಿ ಇರುವಲ್ಲಿಗೆ ಅವು ತಾವಾಗಿಯೇ ಮೇವಿನಿಂದ ಮರಳಿ ಬರುತ್ತವೆ. ಕುದುರೆಯ ಕೆಚ್ಚಲು ಚಿಕ್ಕದು, ಹಾಲನ್ನು ಬಹಳ ಹೊತ್ತು ಹಿಡಿದಿಡಲಾರದು. ಆದುದರಿಂದ ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆಯಂತೆ ಐದಾರು ಸಲ ಕರೆಯಬೇಕು. ಮರಿಯನ್ನು ಮೊದಲು ಊಡಬಿಟ್ಟು, ಹಾಲು ಸೊರೆಬಿಟ್ಟ ಕ್ಷಣದಲ್ಲಿ ಅದನ್ನು ಪಕ್ಕಕ್ಕೆ ಸರಿಸಿ, ಹೆಂಗಸು ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದರ ಮೇಲೆ ಪಾತ್ರೆಯನ್ನಿಟ್ಟುಕೊಂಡು, ಒಂದು ತೋಳಿನಿಂದ ಕುದುರೆಯ ಹಿಂಗಾಲನ್ನು ಬಳಸಿ ಹಿಡಿದು ಅವಸರದಿಂದ ಕರೆಯುತ್ತಾಳೆ. ಸಂಜೆಯಾದೊಡನೆ ಮರಿಗಳನ್ನೆಲ್ಲ ಬಿಚ್ಚಿಬಿಡುತ್ತಾರೆ. ರಾತ್ರಿಯ ಹಾಲು ಪೂರ್ತಿಯಾಗಿ ಮರಿಗಳದು. ಹಗಲು ಮನುಷ್ಯನಿಗೆ, ಇರುಳು ಮರಿಗೆ ಎಂಬ ಈ ಹಂಚಿಕೆಯಲ್ಲಿ ಎಷ್ಟು ನ್ಯಾಯವಿದೆಯೋ ಅಷ್ಟೇ ದೂರದೃಷ್ಟಿಯೂ ಇದೆ. ಬೇಸಗೆಯಲ್ಲಿ ಸೊರಗಿದ ಮರಿ ಚಳಿಗಾಲವನ್ನು ಕಾಣುವುದಿಲ್ಲವೆಂಬುದನ್ನು ಆ ಹೆಂಗಸರಿಗೆ ಯಾರೂ ಬೋಧಿಸಬೇಕಾಗಿಲ್ಲ.

ಈ ಹಾಲನ್ನು ಹಸಿಯಾಗಿ ಕುಡಿಯುವುದು ಅಪರೂಪ. ಚನಾಚ್ ಎಂಬ ತೊಗಲಿನ ಚೀಲವನ್ನು ಬೆಟ್ಟದ ಮರಗಳ ಹೊಗೆಯಲ್ಲಿ ಹದಗೊಳಿಸಿ, ಹಳೆಯ ಹೆಪ್ಪಿಗೆ ಹೊಸ ಹಾಲನ್ನು ಸುರಿದು, ಮರದ ಕಡೆಗೋಲಿನಿಂದ ದಿನವಿಡೀ ಕಡೆಯುತ್ತಿದ್ದರೆ, ಹುಳಿಯೂ ಅಲ್ಪವಾದ ಮದವೂ ಹೊಗೆಯ ವಾಸನೆಯೂ ಕೂಡಿದ ಕಿಮಿಜ್ ಎಂಬ ಪಾನೀಯ ಸಿದ್ಧವಾಗುತ್ತದೆ. 1253ರಲ್ಲಿ ಮಂಗೋಲರ ಆಸ್ಥಾನಕ್ಕೆಂದು ಹೊರಟ ರುಬ್ರುಕಿನ ವಿಲಿಯಂ ಎಂಬ ಪಾದ್ರಿಯು ಗೂಟಗಳ ನಡುವಣ ಹಗ್ಗವನ್ನೂ, ಅದಕ್ಕೆ ಕಟ್ಟಿದ ಮರಿಗಳನ್ನೂ, ಬಳಿಯಲ್ಲಿ ಶಾಂತವಾಗಿ ನಿಂತು ಹಾಲು ಕೊಡುವ ತಾಯಿಗಳನ್ನೂ, ಕಡೆಯುವ ದಪ್ಪಕೋಲನ್ನೂ ವರ್ಣಿಸಿರುವುದನ್ನು ಓದಿ, ಇಂದಿನ ಸುಸಮೀರ್ ಕಣಿವೆಯ ಒಂದು ಬೀಡನ್ನು ನೋಡುವವನು ಏಳುನೂರ ಎಪ್ಪತ್ತು ವರ್ಷಗಳ ಅಂತರವನ್ನು ಎಲ್ಲಿ ಕಾಣಬೇಕೆಂದು ಬೆರಗಾಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಸುಶಿಕ್ಷಿತರಿಗೂ ಇದರ ಮೇಲೆ ನಂಬಿಕೆ ಹುಟ್ಟಿತು; ಟಾಲ್‌ಸ್ಟಾಯ್ ಸಮಾರಾದ ಬಯಲಿಗೂ, ಕ್ಷಯದಿಂದ ನರಳುತ್ತಿದ್ದ ಚೆಕಾಫ್ 1901ರಲ್ಲಿ ಅಕ್ಸ್ಯೊನೊವೊಗೂ ಹೋಗಿ ಇದನ್ನು ಔಷಧವೆಂದು ಕುಡಿದರು.

ಕಸುಬಿನ ನಿಜವಾದ ಪರೀಕ್ಷೆ ಚಳಿಗಾಲದಲ್ಲಿ. ದನವೂ ಕುರಿಯೂ ಹಿಮದ ಮುಂದೆ ನಿಸ್ಸಹಾಯಕವಾಗುವಾಗ, ಕುದುರೆಯು ಗೊರಸಿನಿಂದ ಹಿಮವನ್ನು ಕೆದರಿ ಅದರ ಕೆಳಗಣ ಒಣಹುಲ್ಲನ್ನು ತಾನೇ ಹುಡುಕಿಕೊಳ್ಳುತ್ತದೆ. ಆದಕಾರಣ ಬಲ್ಲ ಕಾವಲಿನವರು ಬಯಲಿಗೆ ಕುದುರೆಗಳನ್ನು ಮೊದಲು ಬಿಟ್ಟು, ಅವು ಕೆದರಿ ತೆರೆದ ದಾರಿಯಲ್ಲಿ ಕುರಿಗಳನ್ನು ಹಿಂದಿನಿಂದ ಬಿಡುತ್ತಿದ್ದರು. ಒಂದು ಜಾತಿಯ ಪ್ರಾಣಿಯ ಶ್ರಮದಿಂದ ಇನ್ನೊಂದು ಬದುಕಿತು. ಇನ್ನೂ ಆಶ್ಚರ್ಯವೆಂದರೆ, ಚಳಿಗಾಲದಲ್ಲಿ ಎಲ್ಲ ಮಂದೆಗಳೂ ಕೆಳಗಿಳಿಯುತ್ತಿರಲಿಲ್ಲ. ಸಿರ್ತ್ ಎಂದು ಕರೆಯುವ, ಮೂರು ಸಾವಿರ ಮೀಟರುಗಳಿಗೂ ಮೇಲಿನ ಒಣಶೀತದ ಪ್ರಸ್ಥಭೂಮಿಗಳಲ್ಲಿ ಚಳಿ ಘೋರವಾದರೂ ಹಿಮ ಬೀಳುವುದು ಕಡಿಮೆ. ಬಿದ್ದದ್ದನ್ನೂ ಗಾಳಿ ಗುಡಿಸಿಬಿಡುತ್ತದೆ. ಗಟ್ಟಿಮುಟ್ಟಾದ ಕುದುರೆಗಳನ್ನು ಅಲ್ಲಿಯೇ ಇರಿಸುವುದು ಕ್ಷೇಮವೆಂಬುದನ್ನು ಕಣಿವೆಯಲ್ಲಿ ಕುಳಿತು ಯೋಚಿಸುವವನು ಎಂದಿಗೂ ಊಹಿಸಲಾರನು. ಈ ಜನರು ನಿಜವಾಗಿ ಭಯಪಡುತ್ತಿದ್ದುದು ಹಿಮಕ್ಕಲ್ಲ, ಜುತ್ ಎಂಬ ವಿಪತ್ತಿಗೆ: ನಡುಚಳಿಯಲ್ಲಿ ಒಂದೆರಡು ದಿನ ಬಿಸಿಲು ಕಾಣಿಸಿ ಹಿಮ ಕರಗಿ, ಮರುರಾತ್ರಿಯೇ ಹೆಪ್ಪುಗಟ್ಟಿ, ನೆಲದ ಮೇಲೆ ಗಾಜಿನಂತಹ ಹೊದಿಕೆಯಾದಾಗ, ಕುದುರೆಯ ಗೊರಸೂ ಅದನ್ನು ಒಡೆಯಲಾರದು. ಹುಲ್ಲು ಕಣ್ಣಿಗೆ ಕಾಣುತ್ತಿರುವಂತೆಯೇ ಮಂದೆಗಳು ಹಸಿದು ಸಾಯುತ್ತಿದ್ದುವು.

ಅಂತಹ ವಿಪತ್ತಿಗೆ ಈ ಸಮಾಜವು ಕಂಡುಕೊಂಡ ಪರಿಹಾರ ಸಾಮಾಜಿಕವಾದುದು. ಪ್ರಾಣಿಗಳು ಮನೆಮನೆಯ ಸ್ವತ್ತು, ಅವುಗಳ ತೊಡೆಯ ಮೇಲೆ ಕುಲದ ತಮ್ಗಾ ಎಂಬ ಮುದ್ರೆ. ಆದರೆ ಹುಲ್ಲು ಕುಲಕ್ಕೆಲ್ಲ ಸಮಾನ. ಮಂದೆ ಕಳೆದುಕೊಂಡ ಬಡಬಂಧುವಿಗೆ ಉಳ್ಳವನು ಕರೆಯುವ ಪ್ರಾಣಿಗಳನ್ನು ಬೇಸಗೆಯ ಮಟ್ಟಿಗೆ ಒಪ್ಪಿಸಿ ಹಾಲನ್ನು ಅವನಿಗೆ ಬಿಡುವ ಪದ್ಧತಿಯೂ ಇದ್ದಿತು. ಇದರಲ್ಲಿ ಧರ್ಮದೊಡನೆ ಉಳ್ಳವನ ಲಾಭವೂ ಬೆರೆತಿದ್ದಿತೆಂಬುದನ್ನು ಮರೆಯಬಾರದು. ಬಡವನ ದುಡಿಮೆಯಿಂದಲೇ ದೊಡ್ಡ ಮಂದೆಗಳು ದೊಡ್ಡವಾಗಿ ಉಳಿದುವು. ಆದರೂ ದೇವತೆಗಳ ಮಟ್ಟಿಗೆ ಎಲ್ಲರೂ ಒಂದೇ: ಕುದುರೆಗಳನ್ನು ಕಾಯುವ ಕಂಬರ್-ಅತಾ ಎಂಬ ಹಿರಿಯನಿಗೆ ಒಡೆಯನೂ ಆಳೂ ಸಮನಾಗಿ ಕೈಮುಗಿದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯದ ಝಾರ್ ದೊರೆಗಳ ಆಧಿಪತ್ಯ ಬಂದು, ತಗ್ಗಿನ ಕಣಿವೆಗಳಲ್ಲಿ ರಷ್ಯನ್ ರೈತರು ನೆಲೆಸತೊಡಗಿದಾಗ, ಕಿರ್ಗಿಜರ ನಾಲ್ಕು ಬೀಡುಗಳಲ್ಲಿ ಅತ್ಯಂತ ಅವಶ್ಯವಾದ ಚಳಿಗಾಲದ ಬೀಡಿಗೇ ಕೊಡಲಿಪೆಟ್ಟು ಬಿದ್ದಿತು. ಬೇಸಗೆಯ ಬಯಲು ಎಷ್ಟಿದ್ದರೇನು, ಚಳಿಗಾಲದ ನೆಲೆ ಕುಗ್ಗಿದರೆ ಮಂದೆ ಕುಗ್ಗಲೇಬೇಕು. 1916ರಲ್ಲಿ, ಮಹಾಯುದ್ಧದ ಕೂಲಿದಂಡಿಗೆ ಗಂಡಸರನ್ನು ಹಿಡಿದೊಯ್ಯಬೇಕೆಂಬ ಆಜ್ಞೆ ಹೊರಟಾಗ ಕಿರ್ಗಿಜರು ದಂಗೆಯೆದ್ದರು. ದಂಗೆಯನ್ನು ಕ್ರೂರವಾಗಿ ಅಡಗಿಸಿದ ಮೇಲೆ ಅಸಂಖ್ಯಾತ ಸಂಸಾರಗಳು ಮಂದೆಗಳೊಡನೆ ಚೀನದ ಕಡೆಗೆ, 4,284 ಮೀಟರುಗಳ ಬೆದೆಲ್ ಕಣಿವೆಬಾಗಿಲಿನ ಮಾರ್ಗವಾಗಿ ಓಡಿದುವು. ಉರ್ಕುನ್ ಎಂದು ಇಂದಿಗೂ ಕಣ್ಣೀರಿನಿಂದ ಸ್ಮರಿಸುವ ಆ ಪಲಾಯನದಲ್ಲಿ ಮನುಷ್ಯರೂ ಕುದುರೆಗಳೂ ಹಿಮದಲ್ಲಿ ಒಟ್ಟಿಗೆ ಅಳಿದರು.

ಅನಂತರ ಬಂದ ಸೋವಿಯತ್ ಆಡಳಿತವು ಅಲೆಮಾರಿಗಳನ್ನು ಊರುಗಳಲ್ಲಿ ನೆಲೆಗೊಳಿಸಿ, 1930ರ ಆಚೀಚೆ ಮಂದೆಗಳನ್ನೆಲ್ಲ ಸಾಮೂಹಿಕ ಕ್ಷೇತ್ರಗಳಿಗೆ ಸೇರಿಸಿತು. ಒಪ್ಪಿಸುವುದಕ್ಕಿಂತ ಕೊಂದು ತಿನ್ನುವುದೇ ಲೇಸೆಂದು ತಮ್ಮ ಪ್ರಾಣಿಗಳನ್ನು ತಾವೇ ಕಡಿದವರು ಅನೇಕರು. ಹೊಸ ಆಡಳಿತದ ಪಶುವಿಜ್ಞಾನಿಗಳ ಕಣ್ಣಿಗೆ ಗಿಡ್ಡನೆಯ, ದಪ್ಪಕೊರಳಿನ, ನೂರ ನಲವತ್ತು ಸೆಂಟಿಮೀಟರಿನ ಆಸುಪಾಸಿನ ಬೆಟ್ಟದ ಕುದುರೆ ಹಿಂದುಳಿದ ತಳಿಯಾಗಿ ತೋರಿತು. ಡಾನ್ ಪ್ರದೇಶದ ಮತ್ತು ಇಂಗ್ಲೆಂಡಿನ ಥರೋಬ್ರೆಡ್ ಗಂಡುಗಳನ್ನು ತರಿಸಿ ಬೆರಸಿ, ಎತ್ತರವಾದ, ವೇಗವಾದ ನವಕಿರ್ಗಿಜ್ ಎಂಬ ತಳಿಯನ್ನು ಸಿದ್ಧಪಡಿಸಿ 1954ರಲ್ಲಿ ಅದನ್ನು ಅಧಿಕೃತವಾಗಿ ಘೋಷಿಸಿದರು. ಅದು ಸುಂದರವಾದ ಪ್ರಾಣಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ನಯವಾದ ಚರ್ಮಕ್ಕೆ ಚಳಿಯಲ್ಲಿ ಮಾಡು ಬೇಕು, ಉದ್ದಕಾಲಿನ ಮೈಗೆ ಓಟ್ಸ್ ಧಾನ್ಯ ಬೇಕು. ಹಿಮ ಕೆದರಿ ತಿಂದು ವಸಂತದವರೆಗೆ ಬದುಕುವ ಶಕ್ತಿಯನ್ನು ವೇಗಕ್ಕೆ ತೆತ್ತುದಾಯಿತು.

ಈ ಕಾಲದ ವೇದನೆಯನ್ನು ಅತ್ಯಂತ ಸತ್ಯವಾಗಿ ಬರೆದವರು ಚಿಂಗೀಜ್ ಐತ್ಮಾತೊಫ್. 1928ರಲ್ಲಿ ತಲಾಸ್ ಕಣಿವೆಯ ಶೆಕೆರ್ ಗ್ರಾಮದಲ್ಲಿ ಹುಟ್ಟಿ, ಪಶುಪಾಲನೆಯನ್ನೇ ವಿದ್ಯೆಯಾಗಿ ಕಲಿತು, ಕೆಲವು ಕಾಲ ಅದನ್ನೇ ಉದ್ಯೋಗವಾಗಿ ಮಾಡಿದ ಈ ಲೇಖಕರು, 1966ರಲ್ಲಿ ಗುಲ್ಸಾರಿ ಎಂಬ ಜೋಡುನಡೆಯ ಕುದುರೆಯ ಕಥೆಯನ್ನು ಪ್ರಕಟಿಸಿದರು. ಅದರ ತನಾಬಾಯಿ ಎಂಬ ಕುದುರೆಗಾಹಿಯು ಯೌವನದಲ್ಲಿ ಸಾಮೂಹಿಕ ಕ್ಷೇತ್ರಕ್ಕಾಗಿ ತನ್ನ ಒಡಹುಟ್ಟಿದವನನ್ನೇ ಎದುರುಹಾಕಿಕೊಂಡವನು. ಮುಂದೆ ಅದೇ ಕ್ಷೇತ್ರದ ಅಧ್ಯಕ್ಷನ ಆಜ್ಞೆಯಿಂದ ಗುಲ್ಸಾರಿಯ ಬೀಜ ಒಡೆಸುವುದನ್ನು ಸಹಿಸಬೇಕಾಗುತ್ತದೆ. ಕುದುರೆಯನ್ನು ಬಲ್ಲವನ ಕೈಯಿಂದ ನಿರ್ಧಾರವು ಕಾಗದವನ್ನು ಬಲ್ಲವನ ಕೈಗೆ ಹೋದುದೇ ಆ ಕಾಲದ ನಿಜವಾದ ದುರಂತವೆಂಬುದನ್ನು ಯಾವ ಚರಿತ್ರೆಕಾರನೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸಾಮೂಹಿಕ ಕ್ಷೇತ್ರಗಳೂ ಒಡೆದುವು. ಒಂದು ಕೋಟಿಯಷ್ಟಿದ್ದ ಕುರಿಗಳು ಕೆಲವೇ ವರ್ಷಗಳಲ್ಲಿ ನಲವತ್ತು ಲಕ್ಷಕ್ಕೂ ಕೆಳಗಿಳಿದುವು; ಕುದುರೆಗಳು ಮಾತ್ರ ಚೇತರಿಸಿಕೊಂಡು, ಇಂದು ಅವುಗಳ ಸಂಖ್ಯೆ ಐದು ಲಕ್ಷವನ್ನು ಮೀರಿದೆ. ಹೊರಗಿನಿಂದ ತಂದ ಮೇವಿಲ್ಲದೆ ಬದುಕಬಲ್ಲ ಪ್ರಾಣಿಯ ಮೌಲ್ಯವನ್ನು ದಾರಿದ್ರ್ಯವು ಜನರಿಗೆ ಮತ್ತೊಮ್ಮೆ ತಿಳಿಸಿತು. ಇದರಿಂದ ಹಳೆಯ ಪದ್ಧತಿ ಸಂಪೂರ್ಣವಾಗಿ ಮರಳಿತೆಂದು ಹೇಳಲಾಗದು. ಸೇತುವೆಗಳು ಮುರಿದು ರಸ್ತೆಗಳು ಕೆಟ್ಟು ದೂರದ ಜಾಯ್ಲೋಗಳು ಬರಿದಾಗಿ ಉಳಿದರೆ, ಊರ ಪಕ್ಕದ ಚಳಿಗಾಲದ ಹುಲ್ಲು ವರ್ಷವಿಡೀ ತುಳಿತಕ್ಕೆ ಸಿಕ್ಕಿ ಸವೆಯಿತು. ಪಟ್ಟಣದಲ್ಲಿ ವಾಸಿಸುವ ಎಷ್ಟೋ ಮಂದಿ, ತಾವು ಬೆಟ್ಟವನ್ನೇ ಏರದೆ, ಉಳಿತಾಯದ ಹಣವನ್ನೆಲ್ಲ ಕುದುರೆಗಳಲ್ಲಿಟ್ಟು ಅವುಗಳನ್ನು ಕೂಲಿಯ ಕುದುರೆಗಾಹಿಗೆ ಒಪ್ಪಿಸುತ್ತಾರೆ. ಮಂದೆ ಬೆಳೆಯುತ್ತದೆ, ಮಂದೆಯನ್ನು ಬಲ್ಲವರು ಬೆಳೆಯುವುದಿಲ್ಲ. 2009ರ ಹುಲ್ಲುಗಾವಲು ಕಾನೂನು ಹುಲ್ಲಿನ ಆಡಳಿತವನ್ನು ಅಧಿಕಾರಿಗಳ ಕೈಯಿಂದ ತೆಗೆದು ಗ್ರಾಮದ ಹುಲ್ಲುಗಾವಲು ಸಮಿತಿಗಳಿಗೆ ಕೊಟ್ಟಿತು. ಯಾವ ಮಂದೆ ಯಾವ ಬಯಲಿಗೆ ಎಂದು ಹೊರಡಬೇಕು, ಎಂದು ಇಳಿಯಬೇಕು, ಮುರಿದ ಸೇತುವೆಯನ್ನು ಯಾರು ಕಟ್ಟಬೇಕು ಎಂಬುದನ್ನೆಲ್ಲ ಆ ಸಮಿತಿಗಳು ತಲೆಗಿಷ್ಟೆಂದು ಎತ್ತಿದ ಶುಲ್ಕದಿಂದ ನಿರ್ವಹಿಸಬೇಕೆಂದು ಅದು ವಿಧಿಸಿತು. ಸಮಿತಿಯಲ್ಲಿ ಬೆಟ್ಟವನ್ನು ಬಲ್ಲ ಹಿರಿಯರು ಕುಳಿತ ಗ್ರಾಮಗಳಲ್ಲಿ ದೂರದ ಬಯಲುಗಳಿಗೆ ಮಂದೆಗಳು ಮತ್ತೆ ಏರತೊಡಗಿವೆ.